ಚೌಕಟ್ಟಿನ ಬೆನ್ನು ತೋರಿಸುವ ಅಂಗಡಿ

ಲಂಡನ್ನಿನ ವಕೀಲರ ಕಚೇರಿಗಳಲ್ಲಿ ಮೆಟ್ಟಿಲ ಪಕ್ಕದ ಗೋಡೆಗೆ ಒಬ್ಬ ನ್ಯಾಯಾಧೀಶ ನೇತುಬಿದ್ದಿರುವುದು ವಾಡಿಕೆ. ಕೆಂಪು ನಿಲುವಂಗಿ, ಕುದುರೆಗೂದಲಿನ ಬಿಳಿ ಟೋಪ, ಮೈಗೆ ಹೋಲಿಸಿದರೆ ತುಸು ದೊಡ್ಡದಾದ ತಲೆ, ಕೆಳಮೂಲೆಯಲ್ಲಿ ‘ಸ್ಪೈ’ ಎಂಬ ಸಹಿ. ಮನೆ ಕೊಂಡವರು, ಮಾರಿದವರು, ತಂದೆಯ ಆಸ್ತಿಗಾಗಿ ಜಗಳಕ್ಕೆ ಬಿದ್ದವರು ಎಲ್ಲರೂ ಅವನ ಮುಂದೆ ಹಾದೇ ಮೇಲೆ ಹತ್ತುತ್ತಾರೆ. ಇವನು ಯಾರು ಎಂದು ಒಬ್ಬರೂ ಕೇಳುವುದಿಲ್ಲ. ಹೋಬರ್ನ್‌ನ ನಮ್ಮ ಕಚೇರಿಯಲ್ಲಿಯೂ ಅಂಥವನೊಬ್ಬ ಇದ್ದಾನೆ. ನಾನು ಧಾರವಾಡದಲ್ಲಿ ಕಾನೂನು ಓದಿ ಇಲ್ಲಿಗೆ ಬಂದವಳು. ಮನೆ ಮಾರಾಟದ ಕಾಗದಪತ್ರಗಳನ್ನು ಪರಿಶೀಲಿಸುವುದು ನನ್ನ ಹೊಟ್ಟೆಪಾಡು. ಯಾವ ಕಾಗದ ಕಂಡರೂ ತಿರುವಿ ಹಿಂಬದಿ ನೋಡುವ ಚಟ ಅಲ್ಲಿಂದಲೇ ಅಂಟಿದ್ದು. ನ್ಯಾಯಾಧೀಶನಿಂದ ಶುರುವಾದ ಕುತೂಹಲ ಹಳೆಯ ಚಿತ್ರಗಳನ್ನು ಮಾರುವ ಅಂಗಡಿಗಳಿಗೆ ಕರೆದೊಯ್ದಿತು, ಕೊನೆಗೆ ಒಂದೇ ಅಂಗಡಿಯಲ್ಲಿ ನೆಲೆನಿಂತಿತು. ಈ ಬರಹ ಆ ಅಂಗಡಿಯ ಬಗ್ಗೆ.

ಅಂಗಡಿಯ ಹೆಸರು ಬರೆಯುವುದಿಲ್ಲ. ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು, ಮತ್ತು ನನಗೆ ಬೇಕಾದ ಕೆಲವು ಚಿತ್ರಗಳು ಇನ್ನೂ ಅಲ್ಲಿಯೇ ಇವೆ. ಸ್ವಾರ್ಥ ಎಂದರೂ ಸರಿಯೇ. ಬೀದಿಯ ಹೆಸರನ್ನಂತೂ ಹೇಳುತ್ತೇನೆ: ಸೆಸಿಲ್ ಕೋರ್ಟ್. ಚೇರಿಂಗ್ ಕ್ರಾಸ್ ರಸ್ತೆಗೂ ಸೇಂಟ್ ಮಾರ್ಟಿನ್ಸ್ ಲೇನಿಗೂ ನಡುವೆ ಇರುವ, ಕಾಲ್ನಡಿಗೆಯವರಿಗೆ ಮಾತ್ರ ಬಿಟ್ಟ ಗಲ್ಲಿ. ಎರಡೂ ಬದಿಗೆ ಹಳೆಯ ಪುಸ್ತಕ, ಭೂಪಟ, ನಾಣ್ಯ, ಮುದ್ರಿತ ಚಿತ್ರಗಳ ಅಂಗಡಿಗಳು. 1764ರಲ್ಲಿ ಎಂಟು ವರ್ಷದ ಮೊಜಾರ್ಟ್ ಅಪ್ಪ, ಅಮ್ಮ, ಅಕ್ಕನೊಡನೆ ಕೆಲಕಾಲ ಇಲ್ಲಿಯೇ ಉಳಿದಿದ್ದ. ಈಗ ಕಾಣುವ ಅಂಗಡಿಗಳ ಮುಂಭಾಗ 1890ರ ದಶಕದ್ದು. ಬೀದಿಗೆ ಹೆಸರು ಬಂದದ್ದು ಅದರ ಒಡೆಯರಾದ ಸೆಸಿಲ್ ಮನೆತನದಿಂದ, ಅಂದರೆ ಸಾಲಿಸ್‌ಬರಿಯ ಮಾರ್ಕ್ವಿಸ್‌ಗಳಿಂದ. ಈ ಮನೆತನದ ಮಾತು ಮುಂದೆ ಮತ್ತೆ ಬರುತ್ತದೆ.

ಮೊದಲು ಸರಕಿನ ಪರಿಚಯ. ಇಲ್ಲಿ ಹೇಳುತ್ತಿರುವುದು ‘ವ್ಯಾನಿಟಿ ಫೇರ್’ ಎಂಬ ಲಂಡನ್ ವಾರಪತ್ರಿಕೆಯ ವ್ಯಂಗ್ಯಚಿತ್ರಗಳ ವಿಷಯ. ಇಂದು ಸಿನಿಮಾ ನಟಿಯರನ್ನು ಮುಖಪುಟಕ್ಕೆ ಹಾಕುವ ಅಮೆರಿಕದ ಪತ್ರಿಕೆಗೂ ಇದಕ್ಕೂ ಸಂಬಂಧವಿಲ್ಲ. ಥಾಮಸ್ ಗಿಬ್ಸನ್ ಬೋಲ್ಸ್ ಎಂಬಾತ 1868ರಲ್ಲಿ ಇನ್ನೂರು ಪೌಂಡ್ ಬಂಡವಾಳ ಹಾಕಿ, ಅದರಲ್ಲಿ ಅರ್ಧವನ್ನು ಸಾಲ ತಂದು, ಇದನ್ನು ಆರಂಭಿಸಿದ. ಮೊದಲ ಕೆಲವು ತಿಂಗಳು ಚಿತ್ರಗಳೇ ಇರಲಿಲ್ಲ. 1869ರ ಜನವರಿ 30ರ ಸಂಚಿಕೆಯಲ್ಲಿ ಆಗಷ್ಟೇ ಪ್ರಧಾನಿ ಪಟ್ಟ ಬಿಟ್ಟಿದ್ದ ಡಿಸ್ರೇಲಿಯ ಬಣ್ಣದ ವ್ಯಂಗ್ಯಚಿತ್ರ ಬಂತು, ಮರುವಾರ ಹೊಸ ಪ್ರಧಾನಿ ಗ್ಲಾಡ್‌ಸ್ಟನ್. ಪತ್ರಿಕೆಯ ನಸೀಬು ಅಲ್ಲಿಂದ ತಿರುಗಿತು. ಬರೆದವನು ಕಾರ್ಲೊ ಪೆಲ್ಲೆಗ್ರೀನಿ, ಇಟಲಿಯ ಕಾಪುವಾದವನು. ಮೊದಲು ‘ಸಿಂಜ್’ ಎಂದು, ಆಮೇಲೆ ‘ಏಪ್’ ಎಂದು ಸಹಿ ಹಾಕಿದ; ಒಂದು ಫ್ರೆಂಚ್ ಮಂಗ, ಇನ್ನೊಂದು ಇಂಗ್ಲಿಷ್ ಮಂಗ. ಅಂದಿನಿಂದ 1914ರಲ್ಲಿ ಪತ್ರಿಕೆ ನಿಲ್ಲುವವರೆಗೆ ವಾರಕ್ಕೊಬ್ಬ ದೊಡ್ಡ ಮನುಷ್ಯನಂತೆ ಎರಡು ಸಾವಿರಕ್ಕೂ ಮಿಕ್ಕಿ ಚಿತ್ರಗಳು ಬಂದವು. ಮಂತ್ರಿ, ನ್ಯಾಯಾಧೀಶ, ಪಾದ್ರಿ, ವೈದ್ಯ, ಜಾಕಿ, ಕ್ರಿಕೆಟಿಗ ಯಾರೂ ಉಳಿಯಲಿಲ್ಲ. ಡಾರ್ವಿನ್ 1871ರಲ್ಲಿ ಸಿಕ್ಕಿಬಿದ್ದ, ಕ್ರಿಕೆಟಿಗ ಡಬ್ಲ್ಯು. ಜಿ. ಗ್ರೇಸ್ 1877ರಲ್ಲಿ. ಪ್ರತಿ ಚಿತ್ರದ ಜೊತೆಗೆ ಬೇರೊಂದು ಹಾಳೆಯಲ್ಲಿ ಆ ಮನುಷ್ಯನ ಕುರಿತು ಚುರುಕು ಟಿಪ್ಪಣಿ ಇರುತ್ತಿತ್ತು, ‘ಜೇಹು ಜೂನಿಯರ್’ ಎಂಬ ಗುಪ್ತನಾಮದಲ್ಲಿ. ಬಹುಕಾಲ ಆ ಹೆಸರಿನ ಹಿಂದೆ ಇದ್ದವನು ಬೋಲ್ಸ್‌ನೇ.

ಮುದ್ರಿಸಿದವರು ವಿನ್ಸೆಂಟ್ ಬ್ರೂಕ್ಸ್, ಡೇ ಅಂಡ್ ಸನ್. ಅವರ ಮುದ್ರಣಾಲಯ ಲಿಂಕನ್ಸ್ ಇನ್ ಫೀಲ್ಡ್ಸ್ ಪಕ್ಕದ ಗೇಟ್ ಸ್ಟ್ರೀಟಿನಲ್ಲಿತ್ತು. ಮಧ್ಯಾಹ್ನದ ಊಟದ ಡಬ್ಬಿ ಹಿಡಿದು ನಾನು ಆ ಮೈದಾನಕ್ಕೆ ಹೋಗುವ ದಾರಿ ಅದೇ. ಕಲಾವಿದ ಜಲವರ್ಣದಲ್ಲಿ ಬರೆದುಕೊಟ್ಟದ್ದನ್ನು ಕುಶಲಕರ್ಮಿಗಳು ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆ ಜಿಡ್ಡಿನ ಶಾಯಿಯಿಂದ ಮತ್ತೆ ಬಿಡಿಸುತ್ತಿದ್ದರು, ಒಂದು ಬಣ್ಣಕ್ಕೆ ಒಂದು ಕಲ್ಲು. ಒದ್ದೆ ಕಲ್ಲಿನ ಮೇಲೆ ಶಾಯಿ ಜಿಡ್ಡಿರುವಲ್ಲಿ ಮಾತ್ರ ಹಿಡಿಯುತ್ತದೆ, ಉಳಿದ ಕಡೆ ನೀರು ಅದನ್ನು ದೂಡುತ್ತದೆ. ಅದೇ ಹಾಳೆಯನ್ನು ಕಲ್ಲಿನಿಂದ ಕಲ್ಲಿಗೆ, ಕೂದಲೆಳೆಯಷ್ಟೂ ಸರಿಯದಂತೆ ಒತ್ತಬೇಕು. ಎಲ್ಲೋ ಒಂದೊಂದು ಹಾಳೆಯಲ್ಲಿ ಕೆನ್ನೆಯ ಕೆಂಪು ಕೆನ್ನೆ ಬಿಟ್ಟು ಕಿವಿಗೆ ಹೋಗಿರುವುದುಂಟು. ನನಗೆ ಅಂಥವು ಹೆಚ್ಚು ಇಷ್ಟ. ಅಂಗಡಿಯವರು ಅವುಗಳಿಗೆ ಬೆಲೆ ಕಡಿಮೆ ಮಾಡುತ್ತಾರೆ, ನಾನು ಬಾಯಿ ಮುಚ್ಚಿಕೊಂಡು ಕೊಳ್ಳುತ್ತೇನೆ.

ಇನ್ನು ಅಂಗಡಿ. ಕಿಟಕಿಯಲ್ಲಿ ಚೌಕಟ್ಟು ಹಾಕಿದವು, ಒಳಗೆ ಅಗಲವಾದ ಚಪ್ಪಟೆ ಸೆಳೆಖಾನೆಗಳಲ್ಲಿ ಬಿಡಿ ಹಾಳೆಗಳು. ಸೆಳೆಖಾನೆಗಳ ಮೇಲಿನ ಚೀಟಿಗಳನ್ನು ಓದಿದರೆ ಈ ವ್ಯಾಪಾರದ ಗುಟ್ಟು ತಾನಾಗಿಯೇ ತಿಳಿಯುತ್ತದೆ: ಕಾನೂನು, ವೈದ್ಯಕೀಯ, ಚರ್ಚು, ಕುದುರೆ ಪಂದ್ಯ, ಕ್ರಿಕೆಟ್, ಗಾಲ್ಫ್, ದೋಣಿ ಸ್ಪರ್ಧೆ, ಸೇನೆ, ಕೊನೆಗೆ ಎಲ್ಲಕ್ಕಿಂತ ಕೆಳಗೆ ರಾಜಕೀಯ. ಕೊಳ್ಳುವವರು ಚಿತ್ರದಲ್ಲಿರುವ ಮನುಷ್ಯನನ್ನು ಕೊಳ್ಳುವುದಿಲ್ಲ, ತಮ್ಮ ಕಸುಬನ್ನು ಕೊಳ್ಳುತ್ತಾರೆ. ಬಡ್ತಿ ಸಿಕ್ಕ ವಕೀಲನಿಗೆ ಗೆಳೆಯರು ನ್ಯಾಯಾಧೀಶನನ್ನು ಕೊಡುತ್ತಾರೆ, ದಂತವೈದ್ಯ ತನ್ನ ಕಾಯುವ ಕೋಣೆಗೆ ವೈದ್ಯನನ್ನು ತೂಗುಹಾಕುತ್ತಾನೆ, ಗಾಲ್ಫ್ ಆಡುವವರಂತೂ ಬೆಲೆಯನ್ನೇ ಕೇಳುವುದಿಲ್ಲ. ಹೀಗಾಗಿ ಹೆಸರು ಮರೆತುಹೋದ ಗಾಲ್ಫ್ ಆಟಗಾರನಿಗೆ ಒಂದು ಸಾಮ್ರಾಜ್ಯದ ಮಂತ್ರಿಗಿಂತ ಹಲವು ಪಟ್ಟು ಬೆಲೆ. ಈ ಲೆಕ್ಕದಲ್ಲಿ ತೀರ ಅಗ್ಗಕ್ಕೆ ಬಿದ್ದಿರುವವರು ಭಾರತವನ್ನು ಆಳಿದ ಸಾಹೇಬರು. ವೈಸರಾಯ್ ಕೆಲಸ ಮಾಡುವವರು ಈಗ ಯಾರೂ ಉಳಿದಿಲ್ಲವಲ್ಲ, ಯಾರು ಕೊಳ್ಳಬೇಕು?

ನಾನು ಕೊಳ್ಳುತ್ತೇನೆ. ನನ್ನ ಸಂಗ್ರಹ ಚಿಕ್ಕದು, ಆದರೆ ಅದಕ್ಕೊಂದು ಪಟ್ಟಿ ಇದೆ. 1876ರಿಂದ 1878ರವರೆಗಿನ ಬರ, ಮೈಸೂರು ಸೀಮೆಯವರು ‘ಧಾತು ಈಶ್ವರ ಬರ’ ಎಂದು ಕರೆಯುವ ಆ ಬರ, ಯಾರ ಕೈಯಲ್ಲಿ ನಡೆಯಿತೋ ಅವರು ನನಗೆ ಬೇಕು. 1871ರ ಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದ ಆಸುಪಾಸಿಗೆ ಇಳಿದಿತ್ತು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳೂ ಬೆಂದುಹೋದವು. ಆಗಿನ ವೈಸರಾಯ್ ಲಾರ್ಡ್ ಲಿಟ್ಟನ್. 1877ರ ಜನವರಿ 1ರಂದು, ದಕ್ಷಿಣದಲ್ಲಿ ಜನ ಗುಳೆ ಎದ್ದಿದ್ದಾಗ, ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಘೋಷಿಸುವ ದರ್ಬಾರು ನಡೆಸಿದವನು. ಅದೇ ತಿಂಗಳು ಅವನು ಬರ ಪರಿಹಾರದ ಖರ್ಚಿಗೆ ಕಡಿವಾಣ ಹಾಕಲು ದಕ್ಷಿಣಕ್ಕೆ ಕಳಿಸಿದ್ದು ಸರ್ ರಿಚರ್ಡ್ ಟೆಂಪಲ್‌ನನ್ನು. ಈ ಟೆಂಪಲ್‌ನದು ವಿಚಿತ್ರ ಕತೆ. 1874ರಲ್ಲಿ ಬಿಹಾರದ ಬರದಲ್ಲಿ ಧಾರಾಳವಾಗಿ ಅಕ್ಕಿ ತರಿಸಿ ಜನರನ್ನು ಉಳಿಸಿದ್ದ. ಅದಕ್ಕಾಗಿ ದುಂದುಗಾರ ಎಂದು ಬೈಸಿಕೊಂಡಿದ್ದ. ಆ ಬೈಗುಳದ ಋಣವನ್ನು ನಮ್ಮ ಕಡೆ ತೀರಿಸಿದ. ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕಿಲೋಗೂ ಕಡಿಮೆ, ಜೊತೆಗೆ ಒಂದು ಆಣೆ. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇದು ಸಾಲದು ಎಂದು ಕೂಗಿ ಹೇಳಿದ. ‘ಟೆಂಪಲ್ ಕೂಲಿ’ ಎಂದೇ ಅದಕ್ಕೆ ಹೆಸರಾಯಿತು. ಅದೇ ವರ್ಷ ಟೆಂಪಲ್ ಮುಂಬಯಿ ಗವರ್ನರ್ ಆದ, ಅಂದರೆ ಧಾರವಾಡದ ಒಡೆಯನೂ ಆದ.

1881ರ ಜನವರಿ 15ರ ವ್ಯಾನಿಟಿ ಫೇರ್‌ನಲ್ಲಿ ಪತ್ರಿಕೆಯ ಇನ್ನೊಬ್ಬ ಚಿತ್ರಕಾರ ಸ್ಪೈ ಬರೆದ ಟೆಂಪಲ್ ಇದ್ದಾನೆ. ಚಿತ್ರದ ಅಡಿಬರಹ ‘ಬುರ್ರಾ ಬಹಾದುರ್’, ಅಂದರೆ ದೊಡ್ಡ ಬಹಾದ್ದೂರ. ಅಂಗಡಿಯ ಮಾಲೀಕರನ್ನು ಕೇಳಿದಾಗ ಅವರು ಹುಬ್ಬೇರಿಸಿ, ಅತ್ಯಂತ ಕೆಳಗಿನ ಸೆಳೆಖಾನೆಗೆ ಮಂಡಿಯೂರಿ, ಇಬ್ಬರು ಮರೆತ ಮಂತ್ರಿಗಳ ನಡುವಿನಿಂದ ಅವನನ್ನು ಎಳೆದು ತೆಗೆದರು. ಬಿಡಿ ಹಾಳೆಗೆ ಮೂವತ್ತೈದು ಪೌಂಡ್. ಅವರ ಬಳಿ ಅದೇ ಚಿತ್ರದ ಚೌಕಟ್ಟು ಹಾಕಿದ ಇನ್ನೊಂದು ಪ್ರತಿಯೂ ಇತ್ತು, ನೂರ ಹತ್ತು ಪೌಂಡಿಗೆ. ನನ್ನ ಕಣ್ಣು ಅದರ ಮೇಲೆ ಹೋಯಿತು, ಏಕೆಂದರೆ ಹಳೆಯ ‘ಹೊಗಾರ್ತ್’ ಚೌಕಟ್ಟು ಅದು. ಕಿರಿದಾದ ಕಪ್ಪು ಮರ, ಒಳಹೊರ ಅಂಚಿಗೆ ಚಿನ್ನದ ಗೆರೆ. ಇಂಥ ಚಿತ್ರಗಳಿಗೆ ಅದಕ್ಕಿಂತ ಒಪ್ಪುವ ಚೌಕಟ್ಟು ಇಲ್ಲ.

ಇಲ್ಲಿಯೇ ಈ ಅಂಗಡಿ ಬೇರೆಯವಕ್ಕಿಂತ ಬೇರೆಯಾಗುವುದು. ಚೌಕಟ್ಟಿನಲ್ಲಿರುವ ಹಾಳೆಯ ಬಗ್ಗೆ ಗಾಜು ಏನನ್ನೂ ಹೇಳುವುದಿಲ್ಲ; ಹೇಳುವುದೆಲ್ಲ ಬೆನ್ನು. ಬೇರೆ ಕಡೆ ಹಿಂದಿನ ಕಂದು ಕಾಗದ ತೆಗೆದು ತೋರಿಸಿ ಎಂದರೆ ಅಂಗಡಿಯವರ ಮುಖ ಕಿವುಚಿಕೊಳ್ಳುತ್ತದೆ. ಇವರು ತಾವಾಗಿಯೇ ಚೌಕಟ್ಟನ್ನು ಬಟ್ಟೆಯ ಮೇಲೆ ಬೋರಲು ಹಾಕಿ, ಚಾಕುವಿನಿಂದ ಅಂಟುಪಟ್ಟಿ ಕೊಯ್ದು, ಮೊಳೆಗಳನ್ನು ಒಂದೊಂದಾಗಿ ಕಿತ್ತು, ರಟ್ಟು ಎತ್ತಿದರು. ಒಳಗಿನಿಂದ ಹಳೆಯ ಧೂಳು ಎದ್ದಿತು, ನನಗೆ ಸೀನು ಬಂತು. ಆಮೇಲೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟು ಪಕ್ಕಕ್ಕೆ ಸರಿದರು.

ನೋಡಬೇಕಾದದ್ದು ಇಷ್ಟು. ಕಲ್ಲಿನಿಂದ ಒತ್ತಿದ ಹಾಳೆಯಲ್ಲಿ ಬಣ್ಣದ ಚುಕ್ಕೆಗಳು ಗಾತ್ರದಲ್ಲಿ, ಜಾಗದಲ್ಲಿ ಅಡ್ಡಾದಿಡ್ಡಿ ಇರುತ್ತವೆ, ಒಂದರ ಮೇಲೊಂದು ಬಣ್ಣದ ಪದರ ಕಾಣುತ್ತದೆ. ಇತ್ತೀಚಿನ ಮರುಮುದ್ರಣವಾದರೆ ಚುಕ್ಕೆಗಳು ರಂಗೋಲಿಗೆ ಇಟ್ಟಂತೆ ಸಾಲುಸಾಲಾಗಿ, ಅಳತೆ ತಪ್ಪದೆ ನಿಂತಿರುತ್ತವೆ. ಮೇಲಂಚಿನಲ್ಲಿ ಪತ್ರಿಕೆಯ ಹೆಸರು ಮತ್ತು ತಾರೀಖು, ಕೆಳಗೆ ಮುದ್ರಕರ ಹೆಸರು ಇರಬೇಕು. ಹಾಳೆ ಸುಮಾರು 38 ಸೆಂಟಿಮೀಟರ್ ಎತ್ತರ, 26 ಅಗಲ. ಎಷ್ಟೋ ಚೌಕಟ್ಟುಗಾರರು ತಮ್ಮಲ್ಲಿದ್ದ ಚೌಕಟ್ಟಿಗೆ ಕೂರಿಸಲು ಆ ಅಂಚುಗಳನ್ನು ಕತ್ತರಿಸಿ ಎಸೆದಿದ್ದಾರೆ. ಹಿಂಬದಿ ಖಾಲಿ ಇರಬೇಕು. ಸಂಚಿಕೆಗೆ ಹೊಲಿದಿದ್ದ ಕಡೆ ಸೂಜಿಯ ತೂತು ಅಥವಾ ಒರಟು ಅಂಚು ಇದ್ದರೆ ಅದು ದೋಷವಲ್ಲ, ಹುಟ್ಟುಗುರುತು.

ನಾನು ಆ ಚೌಕಟ್ಟಿನ ಟೆಂಪಲ್‌ನನ್ನು ಬಿಚ್ಚಿ ನೋಡಿದಾಗ ಹಾಳೆ ಅಸಲಿಯೇ ಇತ್ತು, ಆದರೆ ಒಳರಟ್ಟು ಹಳೆಯ ಮರದ ತಿರುಳಿನದು. ಅದರಲ್ಲಿನ ಆಮ್ಲ ದಶಕಗಳ ಕಾಲ ಕಾಗದವನ್ನು ಸುಟ್ಟು ಚಿತ್ರದ ಸುತ್ತ ಕಂದು ಚೌಕವೊಂದನ್ನು ಬಿಟ್ಟಿತ್ತು. ಮೇಲ್ಗಡೆ ಯಾರೋ ಸೆಲ್ಲೋಟೇಪು ಅಂಟಿಸಿದ್ದರು. ಅಂಟು ಹಳದಿಯಾಗಿ ಕಾಗದದೊಳಗೆ ಇಳಿದಿತ್ತು. ಮಾಲೀಕರು ನನಗಿಂತ ಮೊದಲೇ ಅದನ್ನು ತೋರಿಸಿ, “ಇದನ್ನು ನೀವು ಕೊಳ್ಳಬಾರದು” ಎಂದರು. ನೂರ ಹತ್ತು ಪೌಂಡ್ ಬಿಟ್ಟು ಮೂವತ್ತೈದು ಪೌಂಡಿನ ಹಾಳೆ ಕೊಡುವ ವ್ಯಾಪಾರಿಯನ್ನು ನಾನು ಈ ನಗರದಲ್ಲಿ ಬೇರೆಲ್ಲೂ ಕಂಡಿಲ್ಲ. ಬಿಡಿ ಹಾಳೆಯನ್ನೇ ತೆಗೆದುಕೊಂಡೆ. ಖಾಲಿಯಾದ ಹೊಗಾರ್ತ್ ಚೌಕಟ್ಟಿಗೆ ಮಾತ್ರ ಬೇರೆ ಬೆಲೆ ಹೇಳಿದರು, ಅದೂ ನನಗೇ ಬಂತು.

ಅಂತರಜಾಲದಲ್ಲಿ ಕೊಳ್ಳುವವರಿಗೆ ಈ ಸುಖವಿಲ್ಲ. ಒಬ್ಬ ಮಾರಾಟಗಾರ, ಯಾರೆಂದು ಹೇಳುವ ಅಗತ್ಯವಿಲ್ಲ, ‘ಅಸಲಿ ವಿಕ್ಟೋರಿಯಾ ಕಾಲದ ಚಿತ್ರ, ಹಳೆಯ ಚೌಕಟ್ಟು’ ಎಂದು ಬರೆದು ನನಗೆ ಲಿಟ್ಟನ್‌ನನ್ನು ಕಳಿಸಿದ. ಚೌಕಟ್ಟು ಹಳೆಯದೇ ಹೌದು. ಒಳಗಿದ್ದ ಹಾಳೆ ಹೊಳಪಿನ ಕಾಗದದ್ದು, ಭೂತಗನ್ನಡಿ ಇಟ್ಟರೆ ರಂಗೋಲಿ. ಜಾಹೀರಾತನ್ನು ಮತ್ತೆ ಓದಿದೆ. ‘ಅಸಲಿ’ ಎಂಬುದು ಚೌಕಟ್ಟಿಗೆ ಅನ್ವಯಿಸುತ್ತದೆ ಎಂದು ವಾದಿಸಲು ಬೇಕಾದಷ್ಟು ಜಾಗ ಬಿಟ್ಟು ವಾಕ್ಯ ಕಟ್ಟಿದ್ದ. ವಕೀಲಿಗೆ ಹೋಗಿದ್ದರೆ ಮುಂದೆ ಬರುತ್ತಿದ್ದ. ಬ್ರಿಟನ್ನಿನಲ್ಲಿ ವ್ಯಾಪಾರಿಯಿಂದ ದೂರದಿಂದಲೇ ಕೊಂಡದ್ದನ್ನು, ಕೈಸೇರಿದ ಹದಿನಾಲ್ಕು ದಿನಗಳೊಳಗೆ ಕಾರಣ ಹೇಳದೆ ರದ್ದು ಮಾಡುವ ಹಕ್ಕು 2013ರ ನಿಯಮಗಳಲ್ಲಿದೆ. ಆ ನಿಯಮದ ಹೆಸರನ್ನು ಪತ್ರದ ಮೊದಲ ಸಾಲಿನಲ್ಲಿಯೇ ಬರೆದೆ, ಹಣ ಬಂತು. ಆದರೆ ಖಾಸಗಿ ವ್ಯಕ್ತಿ ತನ್ನ ಮನೆಯ ಸಾಮಾನು ಮಾರಿದರೆ, ಅಥವಾ ನೀವೇ ಅಂಗಡಿಗೆ ಹೋಗಿ ನೋಡಿ ಕೊಂಡರೆ, ಆ ಹದಿನಾಲ್ಕು ದಿನ ಇಲ್ಲ. ಹಾಗಾಗಿ ಅಂಗಡಿಯಲ್ಲಿ ಬೆನ್ನು ಬಿಚ್ಚಿಸಲು ನಾಚಿಕೆ ಬೇಡ. ಈಗ ನನ್ನ ಗೋಡೆಯಲ್ಲಿರುವ ಲಿಟ್ಟನ್ 1876ರ ಅಸಲಿ, ಏಪ್‌ನ ಕೈಯದು, ಈ ಅಂಗಡಿಯಿಂದ ಬಂದವನು.

ಏಪ್ ಮತ್ತು ಸ್ಪೈ ನಡುವೆ ಆರಿಸಬೇಕಾದರೆ ನನ್ನ ಮತ ಏಪ್‌ಗೆ. ಸ್ಪೈ ಎಂದರೆ ಲೆಸ್ಲಿ ವಾರ್ಡ್, ಈಟನ್‌ನಲ್ಲಿ ಓದಿದವನು, 1873ರಿಂದ 1911ರವರೆಗೆ ಸಾವಿರಕ್ಕೂ ಮೀರಿ ಬರೆದ; ಗೋಡೆಗಳ ಮೇಲೆ ಕಾಣುವುದೆಲ್ಲ ಬಹುಪಾಲು ಅವನದೇ. ನ್ಯಾಯಾಲಯದಲ್ಲಿ, ಪಾರ್ಲಿಮೆಂಟಿನಲ್ಲಿ, ಕುದುರೆ ಪಂದ್ಯದಲ್ಲಿ ದೂರ ನಿಂತು ಗಮನಿಸಿ, ನೆನಪಿನಿಂದ ಬರೆಯುತ್ತಿದ್ದ. ಆರಂಭದಲ್ಲಿ ಅವನ ಕೈಗೂ ಖಾರವಿತ್ತು. 1873ರಲ್ಲಿ ಕಾದಂಬರಿಕಾರ ಟ್ರೊಲೊಪ್‌ನನ್ನು ಬರೆದಾಗ ಆ ಮನುಷ್ಯ ಕೆಂಡವಾದ. ಆದರೆ ವರ್ಷ ಕಳೆದಂತೆ ಸ್ಪೈ ದೊಡ್ಡವರ ಕ್ಲಬ್ಬಿನಲ್ಲಿ ಊಟ ಮಾಡುವವನಾದ, ಜನ ತಾವಾಗಿಯೇ ಅವನ ಮುಂದೆ ಬಂದು ನಿಲ್ಲತೊಡಗಿದರು, ಚಿತ್ರಗಳು ದರ್ಜಿಯ ಜಾಹೀರಾತಿನ ಕಡೆಗೆ ಜಾರಿದವು. ಕೋಟಿನ ಮಡಿಕೆ ಬಲು ಚೆಂದ, ಮನುಷ್ಯ ಎಲ್ಲಿ? 1918ರಲ್ಲಿ ‘ಸರ್’ ಪದವಿಯೂ ಬಂತು. ವ್ಯಂಗ್ಯಚಿತ್ರಕಾರನಿಗೆ ಸರ್ಕಾರ ಬಿರುದು ಕೊಟ್ಟರೆ ಒಂದೋ ಸರ್ಕಾರಕ್ಕೆ ಹಾಸ್ಯಪ್ರಜ್ಞೆ ಇದೆ, ಇಲ್ಲವೇ ಅವನ ಕುಂಚದಲ್ಲಿ ಮುಳ್ಳು ಉಳಿದಿಲ್ಲ. ಏಪ್ ಹಾಗಲ್ಲ. ಅವನು ಹೊರಗಿನವನು, ಇಂಗ್ಲಿಷ್ ಗೌರವಸ್ಥರ ನಿಲುವು, ಹೊಟ್ಟೆ, ಕಾಲಿಡುವ ರೀತಿ ಅವನಿಗೆ ವಿಚಿತ್ರವಾಗಿ ಕಾಣುತ್ತಿತ್ತು, ಅದನ್ನು ಎರಡು ಗೆರೆಗಳಲ್ಲಿ ಹಿಡಿಯುತ್ತಿದ್ದ. ಅಂಗಡಿಯಲ್ಲಿ ಬೆಲೆಯ ಚೀಟಿಗಳು ಈ ವ್ಯತ್ಯಾಸವನ್ನು ಗುರುತಿಸುವುದಿಲ್ಲ. ಅದು ಕೊಳ್ಳುವವರಿಗೆ ಲಾಭ.

ಭಾರತದಿಂದ ಬರುವ ನೆಂಟರು ಕೇಳುವುದು ಎರಡೇ ಚಿತ್ರ: 1897ರ ರಣಜಿತ್‌ಸಿಂಹಜಿ, 1900ರ ಚರ್ಚಿಲ್. ಎರಡೂ ಸ್ಪೈನವು. ಕ್ರಿಕೆಟ್ ಸೆಳೆಖಾನೆಯಲ್ಲಿರುವುದರಿಂದ ರಣಜಿ ದುಬಾರಿ, ಮತ್ತು ಅತಿ ಹೆಚ್ಚು ನಕಲಾಗಿರುವವರಲ್ಲಿ ಅವನೂ ಒಬ್ಬ. ಭೂತಗನ್ನಡಿ ಇಲ್ಲದೆ ಅವನ ಹತ್ತಿರ ಹೋಗಬೇಡಿ. ಇಪ್ಪತ್ತೈದರ ಚರ್ಚಿಲ್ ಸೊಂಟದ ಮೇಲೆ ಕೈಯಿಟ್ಟು ಜಗತ್ತೇ ತನ್ನದೆಂಬಂತೆ ನಿಂತಿದ್ದಾನೆ. ಅದರ ಬೆಲೆ ನನ್ನ ತಿಂಗಳ ರೈಲು ಪಾಸಿಗಿಂತ ಹೆಚ್ಚು. ಬೆಂಗಳೂರಿನಲ್ಲಿ ಸೇನೆಯ ಕಿರಿಯ ಅಧಿಕಾರಿಯಾಗಿದ್ದಾಗ ಅಲ್ಲಿನ ಕ್ಲಬ್ಬಿಗೆ ಹದಿಮೂರು ರೂಪಾಯಿ ಬಾಕಿ ಉಳಿಸಿ ಬಂದವನು. ವಸೂಲಾಗದ ಸಾಲದ ಪಟ್ಟಿಯಲ್ಲಿ ಅವನ ಹೆಸರಿರುವ 1899ರ ಲೆಕ್ಕದ ಪುಸ್ತಕವನ್ನು ಬೆಂಗಳೂರು ಕ್ಲಬ್ ಇಂದಿಗೂ ಜೋಪಾನವಾಗಿ ಇಟ್ಟಿದೆ. ಅಷ್ಟು ಬಾಕಿದಾರನಿಗೆ ಇಷ್ಟು ಬೆಲೆ ಕೊಡಲು ನನಗೆ ಮನಸ್ಸಿಲ್ಲ.

ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ‘ಪಂಚ್’ ಎಂಬ ಲಂಡನ್ನಿನ ಹಾಸ್ಯಪತ್ರಿಕೆಯ ಬಿಡಿ ಪುಟಗಳೂ ಸಿಗುತ್ತವೆ. ಅವು ಕಪ್ಪುಬಿಳುಪು, ಮರದ ಅಚ್ಚಿನಲ್ಲಿ ಕೆತ್ತಿದವು. 1876ರ ಏಪ್ರಿಲ್‌ನಲ್ಲಿ ಅದರ ಚಿತ್ರಕಾರ ಟೆನಿಯಲ್ ಬರೆದ ಚಿತ್ರವೊಂದಿದೆ: ಆಗ ಪ್ರಧಾನಿಯಾಗಿದ್ದ ಡಿಸ್ರೇಲಿ ಪೂರ್ವದೇಶದ ಫೇರಿವಾಲನ ವೇಷದಲ್ಲಿ ರಾಣಿಯ ಹಳೆಯ ಕಿರೀಟ ಪಡೆದು ಹೊಸ ಕಿರೀಟ ಕೊಡುತ್ತಿದ್ದಾನೆ, ಅಂದರೆ ಚಕ್ರವರ್ತಿನಿಯ ಕಿರೀಟ. ನನ್ನ ಬರದ ಪಟ್ಟಿಗೆ ಅದು ಮುನ್ನುಡಿ, ಅಗ್ಗಕ್ಕೆ ಸಿಕ್ಕಿತು. ಮೈಸೂರಿನ ಮನೆಯೊಂದರಲ್ಲಿ ಇದೇ ಪಂಚ್ ಪತ್ರಿಕೆಯ ಪುಟ ತಿರುವುತ್ತ ಬೆಳೆದ ಹುಡುಗ ಆರ್. ಕೆ. ಲಕ್ಷ್ಮಣ್, ಮುಂದೆ ನಮ್ಮ ‘ಕೊರವಂಜಿ’ಗೂ ಬರೆದರು. ಅದನ್ನು ಮಾಲೀಕರಿಗೆ ಹೇಳಿದೆ, ಅವರು ಆ ಹೆಸರನ್ನು ಚೀಟಿಯ ಮೇಲೆ ಬರೆದುಕೊಂಡರು. ಪಂಚ್ ಪುಟಗಳನ್ನು ಚೌಕಟ್ಟು ಹಾಕಿಸುವುದು ನನ್ನ ಲೆಕ್ಕದಲ್ಲಿ ದಂಡ. ಕೆಲವಕ್ಕೆ ಹಿಂಬದಿಯಲ್ಲಿಯೂ ಓದಲು ಸರಕಿದೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿ ಏನು ಪ್ರಯೋಜನ?

ಚೌಕಟ್ಟು ಹಾಕಿಸುವ ಕೆಲಸವನ್ನೂ ಅಂಗಡಿ ವಹಿಸಿಕೊಳ್ಳುತ್ತದೆ, ಹೊರಗೆ ಒಬ್ಬ ಕುಶಲಕರ್ಮಿಯ ಕೈಯಲ್ಲಿ ಮಾಡಿಸಿ ಕೊಡುತ್ತಾರೆ. ಕೆಲಸ ಅಚ್ಚುಕಟ್ಟು: ಹತ್ತಿಯ ನಾರಿನ ಆಮ್ಲರಹಿತ ರಟ್ಟು, ಜಪಾನಿ ಕಾಗದದ ಎರಡು ಸಣ್ಣ ಪಟ್ಟಿಗಳನ್ನು ಗೋಧಿ ಗಂಜಿಯಿಂದ ಅಂಟಿಸಿ ಹಾಳೆಯನ್ನು ಮೇಲಿನಿಂದ ತೂಗುಬಿಡುವುದು, ಗಾಜಿಗೂ ಕಾಗದಕ್ಕೂ ನಡುವೆ ಉಸಿರಾಡುವಷ್ಟು ಜಾಗ. ಬೇಕೆಂದರೆ ಆ ಗಂಜಿ ನೀರಿಗೆ ಬಿಟ್ಟುಕೊಳ್ಳುತ್ತದೆ, ಹಾಳೆಗೆ ಗಾಯವಾಗುವುದಿಲ್ಲ. ಅತಿನೇರಳೆ ಕಿರಣ ತಡೆಯುವ ಗಾಜಿಗೆ ಹೆಚ್ಚು ಹಣ. ದುಡ್ಡು ಉಳಿಸುವುದಾದರೆ ಆ ಗಾಜಿನಲ್ಲಿ ಉಳಿಸಿ, ಚಿತ್ರವನ್ನು ಕಿಟಕಿಯ ಎದುರಿಗೆ ಹಾಕದಿದ್ದರಾಯಿತು. ರಟ್ಟಿನಲ್ಲಿ ಮಾತ್ರ ಉಳಿಸಬೇಡಿ. ಆದರೆ ಕೂಲಿ ಜಾಸ್ತಿ. ನನ್ನ ಟೆಂಪಲ್‌ಗೆ, ಚೌಕಟ್ಟು ನನ್ನದೇ ಆಗಿದ್ದರೂ, ಅವರು ಕೇಳಿದ್ದು ಹಾಳೆಯ ಬೆಲೆಯ ಎರಡರಷ್ಟಕ್ಕಿಂತ ಹೆಚ್ಚು. ಹೇಳಿದ ದಿನಕ್ಕೆ ಕೊಡಲಿಲ್ಲ, ಮುಂದೂಡಿದ ದಿನಕ್ಕೂ ಕೊಡಲಿಲ್ಲ. ಫೋನ್ ಮಾಡಿದರೆ ಉತ್ತರಿಸುವ ಅಭ್ಯಾಸ ಆ ಅಂಗಡಿಗೆ ಇಲ್ಲ.

ಬೇರೆ ಕೊರತೆಗಳೂ ಇವೆ. ಟೆಂಪಲ್ ಚಿತ್ರದ ಜೊತೆ ಬರಬೇಕಾದ ಜೇಹು ಜೂನಿಯರ್ ಹಾಳೆ ಇರಲಿಲ್ಲ. ಇಂಥ ಬಿಡಿ ಟಿಪ್ಪಣಿಗಳನ್ನು ಹಿಂದಿನ ವ್ಯಾಪಾರಿಗಳು ಕಸವೆಂದು ಎಸೆದಿದ್ದಾರೆ. ನನಗೋ ಅರ್ಧ ರುಚಿ ಅದರಲ್ಲಿಯೇ ಇರುವುದು. ಇವರು ಟಿಪ್ಪಣಿ ಇರುವ ಪ್ರತಿಗೂ ಇಲ್ಲದ ಪ್ರತಿಗೂ ಚೀಟಿಯಲ್ಲಿ ವ್ಯತ್ಯಾಸ ತೋರಿಸುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ, ಕೇಳಿದರೆ ಮಾತ್ರ ಐದು ಪೌಂಡ್ ಇಳಿಸುತ್ತಾರೆ. ಸೆಳೆಖಾನೆಗಳೊಳಗೆ ತಾರೀಖಿನ ಕ್ರಮವಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ತೆರೆಯುತ್ತದೆ ಎಂದು ಬಾಗಿಲ ಮೇಲೆ ಬರೆದಿದೆ. ಅದನ್ನು ಒಂದು ಶುಭಾಶಯವೆಂದು ಓದಿಕೊಳ್ಳಬೇಕು. ಚಳಿಗಾಲದಲ್ಲಿ ಒಳಗೆ ಕೋಟು ಬಿಚ್ಚುವಂತಿಲ್ಲ.

ಊರಿಗೆ ಒಯ್ಯುವವರಿಗೆ ಒಂದು ಮಾತು. ಚೌಕಟ್ಟು ಹಾಕಿಸಿ ವಿಮಾನಕ್ಕೆ ಹಾಕಬೇಡಿ, ಗಾಜು ಒಡೆದರೆ ಮೊದಲು ಕುಯ್ಯುವುದು ಚಿತ್ರವನ್ನೇ. ಸುರುಳಿ ಸುತ್ತಿದರೂ ನೂರೈವತ್ತು ವರ್ಷದ ಕಾಗದದ ಅಂಚು ಬಿರಿಯುತ್ತದೆ. ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿ ಇಟ್ಟು ಕೈಚೀಲದಲ್ಲಿ ಒಯ್ದು, ಅಲ್ಲಿಯೇ ಚೌಕಟ್ಟು ಹಾಕಿಸಿ. ನನ್ನ ಅಣ್ಣನ ಮನೆಗೆ ಒಬ್ಬ ಪಾದ್ರಿಯನ್ನು ಹಾಗೆಯೇ ಕಳಿಸಿದೆ. ಧಾರವಾಡದ ಮಳೆಗಾಲದ ಶೀತಕ್ಕೆ ಕಾಗದದ ಮೇಲೆ ಕಂದು ಚುಕ್ಕೆ ಏಳುವುದು ಖಂಡಿತವಾದ್ದರಿಂದ, ಹೊರಗೋಡೆಗೆ ನೇತುಹಾಕಬೇಡ ಎಂದು ಹೇಳಿದ್ದೇನೆ. ಹೊರಗೋಡೆಗೇ ಹಾಕಿದ್ದಾನೆ.

ಇಷ್ಟೆಲ್ಲ ಲೆಕ್ಕಹಾಕಿ ಐದರಲ್ಲಿ ನಾಲ್ಕು ನಕ್ಷತ್ರ. ಕಳೆದ ಒಂದು ನಕ್ಷತ್ರ ಫೋನಿಗೆ ಮತ್ತು ಮುಂದೂಡಿದ ದಿನಗಳಿಗೆ. ಬೆನ್ನು ಬಿಚ್ಚಿ ತೋರಿಸುವ ಗುಣಕ್ಕೆ ಐದೂ ಕೊಡಬಹುದಿತ್ತು.

ನನ್ನ ಪಟ್ಟಿಯಲ್ಲಿ ಇನ್ನೂ ಇಬ್ಬರು ಬಾಕಿ. 1869ರ ಸಾಲಿಸ್‌ಬರಿ ಒಬ್ಬ. ಬರದ ವರ್ಷಗಳಲ್ಲಿ ಲಂಡನ್ನಿನಿಂದ ಭಾರತದ ಖಾತೆ ನಡೆಸಿದ ಮಂತ್ರಿ. ಅವನ ಚಿತ್ರವನ್ನು ಅವನ ಮನೆತನದ ಬೀದಿಯಲ್ಲಿಯೇ ನಿಂತು ಚೌಕಾಸಿ ಮಾಡುವ ಆಸೆ ನನಗಿದೆ, ಮಾಲೀಕರು ಇನ್ನೂ ಜಗ್ಗಿಲ್ಲ. ಇನ್ನೊಬ್ಬ 1870ರಲ್ಲಿ ಏಪ್ ಬರೆದ ಸ್ಟಾಫರ್ಡ್ ನಾರ್ತ್‌ಕೋಟ್. ಇವನು ಬರದ ಪಟ್ಟಿಗೆ ಸೇರುವವನಲ್ಲ. ಮೈಸೂರನ್ನು ಒಡೆಯರ ಮನೆತನಕ್ಕೆ ಹಿಂತಿರುಗಿಸಬೇಕೆಂಬ ನಿರ್ಧಾರ 1867ರಲ್ಲಿ ಹೊರಬಿದ್ದದ್ದು ಇವನು ಭಾರತದ ಖಾತೆಯಲ್ಲಿದ್ದಾಗ. ಅದು ಜಾರಿಯಾದದ್ದು 1881ರಲ್ಲಿ, ರಿಪನ್ ವೈಸರಾಯ್ ಆಗಿದ್ದಾಗ. ರಿಪನ್ ಈಗಾಗಲೇ ನನ್ನ ಊಟದ ಮೇಜಿನ ಮೇಲ್ಗಡೆ ಇದ್ದಾನೆ. ನಾರ್ತ್‌ಕೋಟ್‌ನ ಪ್ರತಿಗೆ ನಲವತ್ತು ಪೌಂಡ್, ಟಿಪ್ಪಣಿಯ ಹಾಳೆಯೂ ಇದೆ, ಅಂಚು ಪೂರ್ತಿ ಇದೆ. ತೆಗೆದಿಡಿ ಎಂದು ಹೇಳಿ ಬಂದಿದ್ದೇನೆ. ಶನಿವಾರದವರೆಗೆ ಇಡುತ್ತಾರಂತೆ.